ಮರದ ಹಡಗು ಕಟ್ಟುವುದು: ಪಟ್ಟಿ ಅಂಟಿಸುವ ಆತುರ ಬೇಡ

ಮಾದರಿ ಹಡಗಿನ ಕಿಟ್ ಹುಡುಕುವಾಗ ಕಣ್ಣು ಹೋಗುವುದೇ ಮೂರು ಕಂಬ, ನೂರು ಫಿರಂಗಿಯ ಯುದ್ಧನೌಕೆಯ ಮೇಲೆ. ಅದನ್ನು ಸದ್ಯಕ್ಕೆ ಬಿಡಿ. ಮುಗಿಸಲು ವರ್ಷಗಳೇ ಬೇಕು. ಒಂದೇ ಕಂಬದ ಸಣ್ಣ ಹಡಗು ತಗೊಳ್ಳಿ. ಅದರಲ್ಲೂ ಒಡಲಿಗೆ ಎರಡು ಪದರ ಪಟ್ಟಿ, ಅಂದರೆ ಹೊದಿಕೆಯ ತೆಳು ಮರದ ಉದ್ದ ತುಂಡುಗಳು, ಇರುವ ಕಿಟ್ ಆದರೆ ಒಳ್ಳೆಯದು. ಮೊದಲ ಪದರದ ಎಡವಟ್ಟನ್ನೆಲ್ಲ ಎರಡನೆಯದು ಮುಚ್ಚುತ್ತದೆ.

ಸಲಕರಣೆ ಜಾಸ್ತಿ ಬೇಡ. ಚೂಪಾದ ಚಾಕು, ಸಣ್ಣ ಅರ, ಚಿಮುಟ, ಬಟ್ಟೆ ಕ್ಲಿಪ್, ಮರದ ಅಂಟು, 120 ಮತ್ತು 240 ಗ್ರಿಟ್‌ನ ಸ್ಯಾಂಡ್‌ಪೇಪರ್ ಸಾಕು.

ಮೊದಲು ಕೀಲ್, ಅಂದರೆ ಹಡಗಿನ ಬೆನ್ನೆಲುಬು. ಪ್ಲೈವುಡ್ ತುಂಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ. ಸೊಟ್ಟಗಿದ್ದರೆ ಒದ್ದೆ ಮಾಡಿ, ಭಾರ ಹೇರಿ ಒಣಗಲು ಬಿಡಿ. ಆಮೇಲೆ ಬಲ್ಕ್‌ಹೆಡ್‌ಗಳನ್ನು, ಅಂದರೆ ಅಡ್ಡ ಪಕ್ಕೆಗಳನ್ನು, ಅಂಟಿಲ್ಲದೆ ಕೂರಿಸಿ ನೋಡಿ. ಬಿಗಿಯಾದರೆ ಬಡಿಯಬೇಡಿ, ಸೀಳನ್ನು ಅರದಿಂದ ಉಜ್ಜಿ. ಪ್ರತಿಯೊಂದೂ ಕೀಲ್‌ಗೆ ನೇರ 90 ಡಿಗ್ರಿ ನಿಂತ ಮೇಲಷ್ಟೇ ಅಂಟು.

ಈಗ ಬರುವುದು ಎಲ್ಲರೂ ಹಾರಿಸುವ ಹಂತ. ನಿಮ್ಮ ಹಡಗು ಚೆಂದ ಕಾಣುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದೇ ಇಲ್ಲಿ. ಕಿಟ್‌ನ ಬಲ್ಕ್‌ಹೆಡ್‌ಗಳನ್ನು ಲೇಸರ್‌ನಿಂದ ಕತ್ತರಿಸಿರುತ್ತಾರೆ, ಅಂಚು ನೇರವಾಗಿರುತ್ತದೆ. ಪಟ್ಟಿಯಾದರೋ ಮೂತಿಯ, ಅಂದರೆ ಹಡಗಿನ ಮುಂತುದಿಯ, ಕಡೆಗೆ ಬಾಗಿ ಹೋಗಬೇಕು. ಹಾಗಾಗಿ ಅಂಚನ್ನು ಓರೆಯಾಗಿ ಉಜ್ಜಬೇಕು. ಒಂದು ಪಟ್ಟಿಯನ್ನು ನಾಲ್ಕೈದು ಬಲ್ಕ್‌ಹೆಡ್‌ಗಳ ಮೇಲೆ ಸುಮ್ನೆ ಒತ್ತಿ ಹಿಡಿಯಿರಿ. ಎಲ್ಲ ಕಡೆ ಅಂಚಿನ ಪೂರ್ತಿ ದಪ್ಪಕ್ಕೂ ತಾಗಬೇಕು. ಬರೀ ಒಂದು ಮೂಲೆಗೆ ತಾಗಿದರೆ ಅದನ್ನು ಉಜ್ಜಿ. ಸಂದಿ ಬಿಟ್ಟರೆ ತೆಳು ಮರದ ಚೂರು ಅಂಟಿಸಿ ಮತ್ತೆ ಉಜ್ಜಿ. ಲೇಸರ್ ಸುಟ್ಟ ಕಪ್ಪೇ ಇಲ್ಲಿ ಗುರುತು. ಹಡಗಿನ ನಡುಭಾಗದ ಕಡೆಯ ಅಂಚಿನಲ್ಲಿ ಕಪ್ಪು ಗೆರೆ ಕೂದಲೆಳೆಯಷ್ಟು ಉಳಿದಿರಬೇಕು. ಅದೂ ಹೋಯಿತೆಂದರೆ ಜಾಸ್ತಿ ಉಜ್ಜಿದ್ದೀರಿ ಅಂತಲೇ ಅರ್ಥ.

ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಮೂತಿಗೆ ಬಾಗಿಸಿ, ಕ್ಲಿಪ್ ಹಾಕಿ ಬಿಡಿ. ಒಣಗಿದ ಮೇಲೆ ಅಂಟಿಸಿ. ಒದ್ದೆಯಲ್ಲೇ ಅಂಟಿಸಿದರೆ ಮರ ಒಣಗುತ್ತಾ ಕುಗ್ಗಿ ಸಂದಿ ಬಿಡುತ್ತದೆ. ಡೆಕ್‌ನ ಅಂಚಿನಿಂದ ಶುರು ಮಾಡಿ, ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಹೋಗಿ. ಒಂದೇ ಬದಿ ಮುಗಿಸಲು ಹೊರಟರೆ ಇಡೀ ಒಡಲು ತಿರುಚಿಕೊಳ್ಳುತ್ತದೆ.

ಮೂತಿಯ ಹತ್ತಿರ ಸುತ್ತಳತೆ ಕಡಿಮೆ ಅಲ್ವಾ? ಅಲ್ಲಿ ಪಟ್ಟಿಯ ಅಗಲ ಕೆತ್ತಬೇಕು. ಬಲ್ಕ್‌ಹೆಡ್‌ಗೆ ಕಾಗದದ ಚೂರು ಸುತ್ತಿ ಅಳೆಯಿರಿ, ಹಡಗಿನ ನಡುಭಾಗದಲ್ಲಿ ಹಿಡಿಸುವ ಪಟ್ಟಿಗಳ ಸಂಖ್ಯೆಯಿಂದ ಭಾಗಿಸಿ. ಬರುವುದೇ ಅಲ್ಲಿನ ಅಗಲ. ಪಟ್ಟಿಯ ಪೂರ್ತಿ ಅಗಲದ ಅರ್ಧಕ್ಕಿಂತ ಕಡಿಮೆ ಬಂದರೆ ಎರಡು ಪಟ್ಟಿಯ ಜಾಗಕ್ಕೆ ಒಂದೇ ಪಟ್ಟಿ ಹಾಕಿ. ಹಿಂಭಾಗದಲ್ಲಿ ಜಾಗ ಉಳಿದರೆ ಬೆಣೆಯಾಕಾರದ ಚೂರು ತುಂಬಿ. ನಿಜವಾದ ಹಡಗು ಕಟ್ಟುವವರೂ ಇದನ್ನೇ ಮಾಡುತ್ತಿದ್ದರು.

ಸಂದಿ ತುಂಬುವ ಫಿಲ್ಲರ್ ಮೆತ್ತಿ, ನುಣ್ಣಗೆ ಉಜ್ಜಿ, ತೆಳುವಾದ ಎರಡನೇ ಪದರ ಅಂಟಿಸಿದರೆ ಒಡಲು ಮುಗಿಯಿತು.

ಹಗ್ಗದ ಕೆಲಸ ನೋಡಲು ಭಯ, ಮಾಡಲು ಅಷ್ಟಿಲ್ಲ. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗ ಕಪ್ಪು, ಯಾಕೆಂದರೆ ಅದಕ್ಕೆ ಟಾರ್ ಬಳಿಯುತ್ತಿದ್ದರು. ಹಾಯಿ ಎಳೆಯುವ ಹಗ್ಗ ತಿಳಿ ಕಂದು. ದಾರವನ್ನು ಜೇನುಮೇಣದ ಮೇಲೆ ಎಳೆದರೆ ಜುಂಗು ಕೂರುತ್ತದೆ. ಏಣಿಯಂಥ ಅಡ್ಡ ಹಗ್ಗ ಕಟ್ಟುವಾಗ ಮಾತ್ರ ಗಂಟನ್ನು ಜಗ್ಗಬೇಡಿ, ಉದ್ದದ ಹಗ್ಗಗಳು ನಡುವೆ ಒಳಕ್ಕೆ ಸರಿದುಬಿಡುತ್ತವೆ. ರಟ್ಟಿನ ಮೇಲೆ ಸಮ ಅಂತರದ ಗೆರೆ ಎಳೆದು ಹಿಂದೆ ಇಟ್ಟುಕೊಂಡರೆ ಗಂಟುಗಳೂ ಸಾಲಾಗಿ ಕೂರುತ್ತವೆ.