ತೀರ್ಪು ಬಂತು, ಅಮಲ್ಜಾರಿ ಮಾಡೋರು ಯಾರು?

ಐಸ್‌ಲ್ಯಾಂಡಿನಲ್ಲಿ ಗೈಡ್ ಕೆಲಸ ಶುರು ಮಾಡಿದ ಹೊಸದರಲ್ಲಿ ಥಿಂಗ್ವೆಟ್ಲಿರ್ ಅಂದರೆ ನನಗೆ ತಲೆನೋವು. ರೇಕ್ಯಾವಿಕ್‌ನಿಂದ ಸುಮಾರು 45 ಕಿ.ಮೀ. ಬಸ್ಸಿಳಿದವರಿಗೆ ನೆಲ ಸೀಳಿದ ಬಿರುಕಿನ ಮುಂದೆ ಫೋಟೊ ಬೇಕು. ನಾನು ಮಾತ್ರ '930ರಲ್ಲಿ ಇಲ್ಲಿ ಆಲ್ಥಿಂಗ್, ಅಂದರೆ ಕಾನೂನು ಮಾಡಿ ತೀರ್ಪು ಕೊಡುವ ಇಡೀ ನಾಡಿನ ಸಭೆ ಶುರುವಾಯಿತು' ಎಂದು ಒದರುತ್ತಿದ್ದೆ. ಎಲ್ಲರಿಗೂ ಆಕಳಿಕೆ.

ಒಮ್ಮೆ ಬೆಂಗಳೂರಿನ ತಂಡದಲ್ಲಿದ್ದ ವಕೀಲರೊಬ್ಬರು ಕೇಳಿದರು: "ರಾಜನಿಲ್ಲ, ಪೊಲೀಸರಿಲ್ಲ ಅಂತೀರಿ. ಹಾಗಾದ್ರೆ ತೀರ್ಪು ಅಮಲ್ಜಾರಿ ಮಾಡೋರು ಯಾರು?" ಅವತ್ತಿಂದ ನನ್ನ ಕಥೆ ಅಲ್ಲಿಂದಲೇ ಶುರು.

ನಿಮ್ಮ ಅಣ್ಣನನ್ನು ಪಕ್ಕದ ಕಣಿವೆಯವನು ಕೊಂದ ಅಂತಿಟ್ಟುಕೊಳ್ಳಿ ಎನ್ನುತ್ತೇನೆ. ದಾವೆ ಹೂಡಬೇಕಾದವರು ನೀವೇ, ಸಾಕ್ಷಿ ತರಬೇಕಾದವರೂ ನೀವೇ. ಬೆನ್ನಿಗೊಬ್ಬ ಗೋದಿ ಬೇಕು. ತಿನ್ನುವ ಗೋಧಿಯಲ್ಲ, ಸೀಮೆಯ ಮುಖಂಡ! ಸ್ವತಂತ್ರ ರೈತ ಯಾವ ಗೋದಿಯ ಹಿಂದೆ ಹೋಗಬೇಕೆಂದು ತಾನೇ ಆರಿಸಿಕೊಳ್ಳಬಹುದಿತ್ತು. ಗೆದ್ದರೆ ಎದುರಾಳಿಗೆ 'ಸ್ಕೋಗ್ಗಾಂಗುರ್', ಅಂದರೆ ಕಾಡುಪಾಲು. ಅವನಿಗೆ ಯಾರೂ ಅನ್ನ, ಆಸರೆ ಕೊಡಬಾರದು. ಯಾರು ಕೊಂದರೂ ಕೇಳುವಂತಿಲ್ಲ. ಆದರೆ ಹಿಡಿಯಬೇಕಾದವರು? ಮತ್ತೆ ನೀವೇ. ಹಿಂದೆ ಜನ ಜಾಸ್ತಿ ಇದ್ದವನ ತೀರ್ಪೇ ತೀರ್ಪು, ಅಲ್ವಾ?

1117ರವರೆಗೆ ಕಾನೂನು ಬರಹದಲ್ಲೂ ಇರಲಿಲ್ಲ. ಸಭೆ ಆರಿಸಿದ 'ಕಾನೂನು ಹೇಳುವವ' ಪ್ರತಿ ಬೇಸಿಗೆ ಮೂರನೇ ಒಂದು ಪಾಲು ಬಾಯಿಪಾಠ ಒಪ್ಪಿಸುತ್ತಿದ್ದ. ಮೂರು ವರ್ಷಕ್ಕೆ ಪೂರ್ತಿ. ನಾನೂ ನಾಲ್ಕು ಪ್ಯಾರಾ ಉರು ಹೊಡೆದು, ಅವನು ನಿಲ್ಲುತ್ತಿದ್ದ ಲೋಗ್ಬೆರ್ಗ್ (ಕಾನೂನು ಬಂಡೆ) ಎಂದು ಗುರುತಿಸಿರುವ ಕಡೆ, ಬಾವುಟದ ಕಂಬದ ಪಕ್ಕ ನಿಂತು ಕೂಗಿದೆ. ಗಾಳಿಗೆ ದನಿ ಹಾರಿ ಹೋಯಿತು. ಮೂರನೇ ಸಾಲಿಗೆ ಮರೆತೂ ಹೋಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಗೊತ್ತಾಯಿತು, ಆ ಕಾನೂನು ಹೇಳುವವನಿಗೂ ಮರೆತರೆ ಒಂದು ದಾರಿ ಇತ್ತು: ಹಿಂದಿನ ದಿನ ಕನಿಷ್ಠ ಐದು ಜನ ಕಾನೂನು ಬಲ್ಲವರನ್ನು ಕೂರಿಸಿ ಕೇಳಬಹುದಿತ್ತು. ಈಗ ನಾನೂ ಬಸ್ಸಿನಲ್ಲೇ ಐವರನ್ನು ಆರಿಸಿ ಚೀಟಿ ಕೊಟ್ಟಿರುತ್ತೇನೆ.

ಕೊನೆಗೆ ಕವಿ, ಇತಿಹಾಸಕಾರ ಸ್ನೋರಿ ಸ್ಟುರ್ಲುಸನ್ ಕಥೆ. ಎರಡು ಬಾರಿ ಕಾನೂನು ಹೇಳುವವನಾಗಿದ್ದ. ಅಷ್ಟರಲ್ಲಿ ಗೋದಿಗಳ ಅಧಿಕಾರವೆಲ್ಲ ನಾಲ್ಕಾರು ಮನೆತನಗಳ ಕೈ ಸೇರಿ, ಬಡಿದಾಟ ಜೋರಾಗಿತ್ತು. 1241ರಲ್ಲಿ ನಾರ್ವೆ ರಾಜನ ಪರ ಬಂದವರು ಅವನನ್ನು ರೇಕ್ಹೋಲ್ಟ್‌ನ ಅವನದೇ ನೆಲಮಾಳಿಗೆಯಲ್ಲಿ ಕೊಂದರು. 1262ರಿಂದ ಐಸ್‌ಲ್ಯಾಂಡಿನವರು ಆ ರಾಜನಿಗೇ ತಲೆಬಾಗತೊಡಗಿದರು.

ಇಷ್ಟು ಹೇಳಿದರೆ ಮುಗೀತು, "ಆ ನೆಲಮಾಳಿಗೆ ತೋರಿಸಿ" ಎಂದು ಹಟ. ರೇಕ್ಹೋಲ್ಟ್ ನಮ್ಮ ದಾರಿಯಲ್ಲಿಲ್ಲ. ಡ್ರೈವರ್ ಸುಮ್ನೆ ವಾಚ್ ತೋರಿಸುತ್ತಾನೆ.