ಆಟದ ಮಧ್ಯೆ ಪಿಸಿ ಆಫ್ ಆಗುತ್ತಿದೆಯೇ? ಮೊದಲು ಗೂಡಿನಿಂದ ಹೊರಗೆ ಎಳೆಯಿರಿ

ಡೊಂಬಿವಲಿ, ಮುಲುಂಡ್, ಥಾಣೆ ಕಡೆ ನಮ್ಮವರ ಮನೆಗಳಲ್ಲಿ ಕಂಪ್ಯೂಟರ್ ಇರುವ ಜಾಗ ಹೆಚ್ಚುಕಡಿಮೆ ಒಂದೇ. ಹಾಲ್‌ನ ಮೂಲೆ, ಪ್ಲೈವುಡ್ ಟೇಬಲ್, ಅದರ ಕೆಳಗೊಂದು ಗೂಡು, ಗೂಡಿನೊಳಗೆ ಕ್ಯಾಬಿನೆಟ್. ನಾಲ್ಕು ಹೆಜ್ಜೆ ಆಚೆ ಅಡುಗೆಮನೆ. ಏಪ್ರಿಲ್ ಬಂತೆಂದರೆ ಸಾಕು, ಮಗ ಗೇಮ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಟಪ್ ಅಂತ ಸ್ಕ್ರೀನ್ ಕಪ್ಪಾಗುತ್ತದೆ. ರಿಪೇರಿಯವನಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಗೊತ್ತೇ ಇದೆ: ‘ಫಾರ್ಮ್ಯಾಟ್ ಮಾರ್‌ನಾ ಪಡೇಗಾ.’ ಸ್ವಲ್ಪ ತಡೆಯಿರಿ. ಬಿಸಿಯಾಗಿ ಆಫ್ ಆಗುವ ಪಿಸಿಗೆ ಹೆಚ್ಚಿನ ಸಲ ಬೇಕಿರುವುದು ಗಾಳಿ ಮತ್ತು ಒಂದು ಬ್ರಷ್, ಅಷ್ಟೇ.

ಮೊದಲು, ಯಾವಾಗ ಆಫ್ ಆಗುತ್ತದೆ ಎಂದು ನೋಡಿ. ಗೇಮ್ ಅಥವಾ ವಿಡಿಯೊ ಎಡಿಟಿಂಗ್ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಹೋಗುತ್ತಿದೆ, ತಕ್ಷಣ ಆನ್ ಮಾಡಿದರೆ ಇನ್ನೂ ಬೇಗ ಹೋಗುತ್ತದೆ, ಅರ್ಧ ಗಂಟೆ ಬಿಟ್ಟರೆ ಸರಿ ಇರುತ್ತದೆ ಎಂದಾದರೆ ಅನುಮಾನ ಬಿಸಿಯ ಮೇಲೆಯೇ. ಫ್ರಿಜ್ ಶುರುವಾದಾಗಲೋ ಎಸಿ ಹಾಕಿದಾಗಲೋ ಹೋಗುತ್ತಿದ್ದರೆ ಕರೆಂಟ್, ಯುಪಿಎಸ್ ಅಥವಾ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗೆ ಎಲ್ಲದಕ್ಕೂ ಕರೆಂಟ್ ಕೊಡುವ ಡಬ್ಬ) ಕಡೆ ನೋಡಬೇಕು.

ಆಮೇಲೆ ಪ್ರೊಸೆಸರ್ ಎಷ್ಟು ಡಿಗ್ರಿ ಬಿಸಿಯಾಗುತ್ತಿದೆ ನೋಡಿ. ಅದನ್ನು ತೋರಿಸುವ ಎಚ್‌ಡಬ್ಲ್ಯುಮಾನಿಟರ್ ಅಥವಾ ಎಚ್‌ಡಬ್ಲ್ಯುಇನ್ಫೊ ಸಾಫ್ಟ್‌ವೇರ್ ಹಾಕಿಕೊಳ್ಳಿ, ಎರಡೂ ಉಚಿತ. ಸುಮ್ನೆ ಕೂತಿರುವಾಗ 40ರಿಂದ 50 ಡಿಗ್ರಿ ಇದ್ದರೆ ಮುಂಬೈ ಸೆಕೆಗೆ ಚಿಂತೆಯಿಲ್ಲ. ಗೇಮ್‌ನಲ್ಲಿ 80 ಆದರೂ ಪರವಾಗಿಲ್ಲ. ಇಂಟೆಲ್‌ನ ಬಹಳಷ್ಟು ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ, ಎಎಂಡಿ ಕಂಪನಿಯ ರೈಜನ್‌ನ ಹಲವಕ್ಕೆ 90 ಅಥವಾ 95. ಮಿತಿ ಮುಟ್ಟಿದರೆ ಪ್ರೊಸೆಸರ್ ಮೊದಲು ತಾನೇ ನಿಧಾನವಾಗುತ್ತದೆ. ಆದರೂ ಬಿಸಿ ಏರುತ್ತಲೇ ಹೋದರೆ ಸುಟ್ಟುಹೋಗದಿರಲಿ ಎಂದು ಇಡೀ ಯಂತ್ರ ಆಫ್ ಆಗುತ್ತದೆ. ಪಿಸಿಯಲ್ಲಿ ಏನೇನಾಯಿತು ಎಂದು ದಾಖಲಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನೆಲ್-ಪವರ್ 41’ ಕಂಡು ಗಾಬರಿಯಾಗಬೇಡಿ. ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ, ಕಾರಣ ಅದರಲ್ಲಿ ಸಿಗುವುದಿಲ್ಲ.

ಈಗ ಖರ್ಚಿಲ್ಲದ ಪರೀಕ್ಷೆ. ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರಗೆ ತೆಗೆಯಿರಿ. ಪಕ್ಕದ ಬಾಗಿಲು ಬಿಚ್ಚಿ, ಟೇಬಲ್ ಫ್ಯಾನ್ ಎದುರಿಗಿಟ್ಟು ಅದೇ ಗೇಮ್ ಆಡಿ. ಆಫ್ ಆಗಲಿಲ್ಲವೇ? ಹಾಗಾದರೆ ಒಳಗೆ ಗಾಳಿ ಓಡಾಡುತ್ತಿಲ್ಲ. ಎಷ್ಟೋ ಮನೆಗಳಲ್ಲಿ ಗೂಡಿನ ಹಿಂದಿನ ಹಲಗೆ ತೆಗೆಸಿದರೆ ಕೆಲಸ ಮುಗಿಯಿತು.

ಮುಗಿಯದಿದ್ದರೆ ಧೂಳು. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು ಬಿಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಪ್ರೊಸೆಸರ್ ಮೇಲಿನ ಫ್ಯಾನ್ ಮೇಲಿನಿಂದ ನೋಡಲು ಚೊಕ್ಕವಾಗಿಯೇ ಇರುತ್ತದೆ, ಮೋಸ ಹೋಗಬೇಡಿ. ಫ್ಯಾನ್ ಬಿಚ್ಚಿದರೆ ಅದರ ಕೆಳಗೆ, ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ, ಬೂದು ಬಣ್ಣದ ಕಂಬಳಿ ಹೊದಿಸಿದಂತೆ ಧೂಳು. ಒಂದೇ ಕೋಣೆಯ ಮನೆಯಲ್ಲಿ ಒಗ್ಗರಣೆಯ ಜಿಡ್ಡೂ ಅದಕ್ಕೆ ಸೇರಿರುತ್ತದೆ, ಬರೀ ಊದಿದರೆ ಹೋಗುವುದಿಲ್ಲ. ಪೇಂಟ್ ಬ್ರಷ್‌ನಿಂದ ಬಿಡಿಸಿ. ಫ್ಯಾನ್ ರೆಕ್ಕೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಿರಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗಬಹುದು. ವ್ಯಾಕ್ಯೂಮ್ ಕ್ಲೀನರ್ ಬೇಡ. ಎಸ್‌ಎಂಪಿಎಸ್ ಡಬ್ಬವನ್ನಂತೂ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಧೂಳು ತೆಗೆದ ಮೇಲೂ ಡಿಗ್ರಿ ಮಿತಿಯ ಹತ್ತಿರ ಹೋಗುತ್ತಿದೆಯೇ? ಕೂಲರ್, ಅಂದರೆ ಪ್ರೊಸೆಸರ್ ಮೇಲಿನ ಆ ಫ್ಯಾನ್ ಮತ್ತು ಅಲ್ಯೂಮಿನಿಯಂ ರೆಕ್ಕೆಗಳ ಜೋಡಿ, ಅಲುಗಾಡುತ್ತದೆಯೇ ನೋಡಿ. ಇಂಟೆಲ್ ಡಬ್ಬದಲ್ಲಿ ಬರುತ್ತಿದ್ದ ಹಳೆಯ ಮಾದರಿಯ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿರುತ್ತವೆ. ಒಂದು ಕಾಲು ಬೋರ್ಡಿನಿಂದ ಎದ್ದಿದ್ದರೂ ಪ್ರೊಸೆಸರ್ ಮೇಲೆ ಅದು ಸರಿಯಾಗಿ ಕೂರುವುದಿಲ್ಲ. ಎದುರುಬದುರಿನ ಕಾಲುಗಳನ್ನು ಜೋಡಿಯಾಗಿ ಒತ್ತಿ ಕೂರಿಸಿ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನು ವರ್ಷಗಳಿಂದ ಬದಲಾಯಿಸಿಲ್ಲವಾದರೆ ಹಳೆಯದನ್ನು ಅದೇ ಆಲ್ಕೊಹಾಲ್‌ನಿಂದ ಒರೆಸಿ, ಬಟಾಣಿಗಿಂತ ಸ್ವಲ್ಪ ಚಿಕ್ಕ ಹನಿ ಹಾಕಿ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂತೇನಿಲ್ಲ. ಹಳೆಯ ರೈಜನ್ ಇದ್ದರೆ ಪಿಸಿಯನ್ನು ಸ್ವಲ್ಪ ಹೊತ್ತು ಓಡಿಸಿ, ಆಫ್ ಮಾಡಿ, ಬಿಸಿ ಇರುವಾಗಲೇ ಕೂಲರನ್ನು ಅತ್ತಿತ್ತ ತಿರುವಿ ಎತ್ತಿ. ನೇರ ಎಳೆದರೆ ಪ್ರೊಸೆಸರ್ ಕೂಡ ಕಿತ್ತುಕೊಂಡು ಬರಬಹುದು.

ಫ್ಯಾನ್ ಗುರುಗುಟ್ಟುತ್ತಿದ್ದರೆ ಅಥವಾ ತಡವರಿಸಿ ತಿರುಗುತ್ತಿದ್ದರೆ ಬದಲಾಯಿಸುವುದೇ ಸರಿ. ಹಳೆಯದನ್ನು ಕೈಯಲ್ಲೇ ಹಿಡಿದು ಗ್ರಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ. ಅಳತೆಯೂ ಪಿನ್ನಿನ ಸಂಖ್ಯೆಯೂ ಬಾಯಲ್ಲಿ ಹೇಳಿದರೆ ತಪ್ಪುವುದೇ ಹೆಚ್ಚು. ಕ್ಯಾಬಿನೆಟ್ಟಿನ ಮುಂಭಾಗದ ಫ್ಯಾನ್ ಗಾಳಿಯನ್ನು ಒಳಗೆಳೆಯಬೇಕು, ಹಿಂಭಾಗದ್ದು ಹೊರಹಾಕಬೇಕು. ಅಗರಬತ್ತಿ ಹಿಡಿದರೆ ಹೊಗೆ ಎತ್ತ ಹೋಗುತ್ತದೆ ಎಂದು ತಿಳಿಯುತ್ತದೆ.

ಡಿಗ್ರಿ 70ರೊಳಗೇ ಇದ್ದು ಪಿಸಿ ಮಾತ್ರ ಆಫ್ ಆಗುತ್ತಿದ್ದರೆ ಕೂಲರ್ ಬಿಟ್ಟುಬಿಡಿ. ಅದೇ ವ್ಯಾಟ್‌ನ ಬೇರೆ ಎಸ್‌ಎಂಪಿಎಸ್ ಹಾಕಿಸಿ ಒಂದೆರಡು ದಿನ ಓಡಿಸಿ ನೋಡಿ. ಆಮೇಲೆ ದುಡ್ಡು ಬಿಚ್ಚಿದರಾಯಿತು.