ರೈಸ್ ಕುಕ್ಕರಿನಲ್ಲಿ ಪಾಸ್ತಾ: ಅನ್ನದ ಲೆಕ್ಕ ಇಲ್ಲಿ ನಡೆಯೋದಿಲ್ಲ

ಪೀಜಿಯಲ್ಲೋ ಒಂಟಿ ರೂಮಿನಲ್ಲೋ ಇರೋ ಮಕ್ಕಳು ಅನ್ನದ ಎಲೆಕ್ಟ್ರಿಕ್ ಕುಕ್ಕರಿನಲ್ಲೇ ಒಳ್ಳೆ ಪಾಸ್ತಾ ಮಾಡ್ಕೋಬಹುದು. ಆದರೆ ಅನ್ನಕ್ಕಿಟ್ಟ ಹಾಗೆ ಇಟ್ಟು, ಸ್ವಿಚ್ಚು ಟಕ್ ಅನ್ನಲಿ ಅಂತ ಕಾಯ್ತಾ ಕೂರಬೇಡಿ. ಕೂತರೆ ಮೇಲೆ ಮುದ್ದೆ, ಕೆಳಗೆ ಸೀದ ತಳ. ಪಾತ್ರೆಯ ತಳಕ್ಕೆ ಒತ್ತಿಕೊಂಡಿರೋ ಸ್ಪ್ರಿಂಗಿನ ಗುಂಡಿಗೆ ಬಿಸಿಯೊಂದೇ ಗೊತ್ತು. ನೀರಿರೋವರೆಗೂ ತಳ 100 ಡಿಗ್ರಿ ಆಸುಪಾಸಿನಲ್ಲೇ ಇರುತ್ತೆ. ನೀರು ಇಂಗಿದ ಮೇಲೆ ಬಿಸಿ ಏರಿ, ಒಳಗಿನ ಅಯಸ್ಕಾಂತ ಹಿಡಿತ ಬಿಟ್ಟು ಸ್ವಿಚ್ಚು ಹಾರುತ್ತೆ. ಅಕ್ಕಿಗೆ ಅದು ಸರಿಯಾದ ಹೊತ್ತು, ಪಾಸ್ತಾ ಅಷ್ಟರೊಳಗೆ ಬೆಂದು ಮುಗಿದಿರುತ್ತೆ. ಅದಕ್ಕೇ ಮೊಬೈಲಿನಲ್ಲಿ ಟೈಮರ್ ಇಟ್ಟುಕೊಳ್ಳಿ.

ಪ್ಯಾಕೆಟ್ ಮೇಲೆ ಡ್ಯೂರಮ್ ಗೋಧಿ ಅಂತ ಇದೆಯಾ ನೋಡಿ ತನ್ನಿ. ಮೈದಾದ್ದು ಬೇಗ ಕರಗಿ ಗಂಜಿಯಾಗುತ್ತೆ. ಮ್ಯಾಕರೋನಿ, ಪೆನ್ನೆ, ಸುರುಳಿ ಫ್ಯೂಸಿಲಿ ಕುಕ್ಕರಿಗೆ ಚೆನ್ನಾಗಿ ಒಗ್ಗುತ್ತೆ. ಸ್ಪಗೆಟ್ಟಿ ಆದರೆ ಮುರಿದೇ ಹಾಕಬೇಕು, ಆದರೂ ಒಂದಕ್ಕೊಂದು ಅಂಟೋದು ಜಾಸ್ತಿ.

ಇಬ್ಬರಿಗೆ 200 ಗ್ರಾಂ ಪೆನ್ನೆ, 500 ಮಿಲಿ ನೀರು, ಮೂರು ಹಣ್ಣಾದ ಟೊಮೆಟೊ, ಒಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಎರಡು ಚಮಚ ಎಣ್ಣೆ, ಮುಕ್ಕಾಲು ಟೀ ಚಮಚ ಉಪ್ಪು. ನೀರು ಬಸಿಯೋದಿಲ್ಲವಾದ್ದರಿಂದ ಹಾಕಿದ ಉಪ್ಪೆಲ್ಲ ಒಳಗೇ ಉಳಿಯುತ್ತೆ, ಕೈ ಹಿಡಿದು ಹಾಕಿ. ನಾಟಿ ಟೊಮೆಟೊ ಸಿಕ್ಕರೆ ಬಿಡಬೇಡಿ, ಹುಳಿ ಚೆನ್ನಾಗಿ ಹಿಡಿಯುತ್ತೆ. 1.8 ಲೀಟರ್ ಕುಕ್ಕರಿಗೆ ಇಷ್ಟೇ ಅಳತೆ. ಅರ್ಧಕ್ಕಿಂತ ಹೆಚ್ಚು ತುಂಬಿಸಿದರೆ ಗಂಜಿನೊರೆ ಆವಿ ತೂತಿನಿಂದ ಉಕ್ಕಿ ಕಟ್ಟೆಯೆಲ್ಲ ಅಂಟಂಟು.

ಮುಚ್ಚಳ ತೆಗೆದೇ ಸ್ವಿಚ್ಚು ಒತ್ತಿ, ಎಣ್ಣೆಗೆ ಬೆಳ್ಳುಳ್ಳಿ, ಈರುಳ್ಳಿ ಹಾಕಿ ಬಾಡಿಸಿ. ಒಣ ಬಿಸಿಗೆ ಸ್ವಿಚ್ಚು ನಡುವೆ ಹಾರಬಹುದು, ಕೆಟ್ಟಿತು ಅಂತ ಹೆದರಬೇಡಿ. ಟೊಮೆಟೊ ಹಾಕಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಒತ್ತಿ. ಚಮಚ ಸಿಕ್ಕಿಸಿ ಸ್ವಿಚ್ಚನ್ನ ಅದುಮಿ ಹಿಡಿಯೋದು ಮಾತ್ರ ಬೇಡವೇ ಬೇಡ, ಕಾಯಿಲ್ ಸುಟ್ಟುಹೋಗಬಹುದು. ಟೊಮೆಟೊ ಮೆತ್ತಗಾದ ಮೇಲೆ ನೀರು, ಉಪ್ಪು ಹಾಕಿ. ಹಾಕೋದು ಬಿಸಿನೀರೇ ಆಗಿರಲಿ. ಆದರೆ ಕೆಟಲನ್ನೂ ಕುಕ್ಕರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಒಟ್ಟಿಗೆ ಹಚ್ಚಬೇಡಿ. 1500 ವ್ಯಾಟ್, 700 ವ್ಯಾಟ್ ಸೇರಿದರೆ 9 ಆಂಪಿಯರ್ ದಾಟುತ್ತೆ, 6 ಆಂಪಿಯರ್ ಪ್ಲಗ್ಗು ತಡೆಯೋಲ್ಲ.

ನೀರು ಕೊತಕೊತ ಕುದಿಯೋವಾಗಲೇ ಪಾಸ್ತಾ ಬೀಳಬೇಕು. ಹಾಕಿದ ಮೊದಲ ಮೂರು ನಿಮಿಷ ಮರದ ಸೌಟಿನಲ್ಲಿ ತಳ ಮುಟ್ಟಿ ಕೈಯಾಡಿಸಿ, ಗಂಟು ಕಟ್ಟೋದು ಆವಾಗಲೇ. ಆಮೇಲೆ ಮುಚ್ಚಳ ಓರೆ ಮಾಡಿ ಇಡಿ, ಪೂರ್ತಿ ಮುಚ್ಚಬೇಡಿ.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಹಾಗಾಗಿ ಪ್ಯಾಕೆಟ್ಟಿನಲ್ಲಿ 11 ನಿಮಿಷ ಅಂದಿದ್ದರೆ ಒಂದೆರಡು ನಿಮಿಷ ಜಾಸ್ತಿ ಹಿಡಿಯುತ್ತೆ. ಆದರೂ 10ನೇ ನಿಮಿಷಕ್ಕೇ ಒಂದು ತುಂಡು ತೆಗೆದು ಉಗುರಿನಲ್ಲಿ ಕತ್ತರಿಸಿ ನೋಡಿ. ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಉಳಿದಿದ್ದರೆ ಸ್ವಿಚ್ಚು ವಾರ್ಮಿಗೆ ಎತ್ತಿ, ಮುಚ್ಚಿ, ಮೂರು ನಿಮಿಷ ಬಿಡಿ. ಉಳಿದ ಎರಡು ಮೂರು ಚಮಚ ನೀರು ಗಟ್ಟಿಯಾಗಿ ಸಾಸಿನ ಹಾಗೆ ಮೆತ್ತಿಕೊಳ್ಳುತ್ತೆ. ಚುಕ್ಕೆ ದೊಡ್ಡದಿದ್ದು ನೀರು ಇಂಗಿದ್ದರೆ ಅರ್ಧ ಲೋಟ ಬಿಸಿನೀರು ಚಿಮುಕಿಸಿ. ವಾರ್ಮಿನಲ್ಲೇ ಅರ್ಧ ಗಂಟೆ ಮರೆತರೆ ಮಾತ್ರ ಸರಿಮಾಡೋಕೆ ದಾರಿಯಿಲ್ಲ.

ಹಾಲಿನ ಬಿಳಿ ಪಾಸ್ತಾ ಬೇಕಿದ್ದರೆ ಟೊಮೆಟೊ ಬಿಟ್ಟು, ನೀರಿನಲ್ಲೇ ಬೇಯಿಸಿ, ಹಾಲು ಕೊನೆಗೆ ಹಾಕಿ. ಮೊದಲೇ ಹಾಕಿದರೆ ಹಾಲು ಉಕ್ಕುತ್ತೆ, ತಳ ಹಿಡಿಯುತ್ತೆ. ತಳ ಹಿಡಿದ ಜಾಗದ ಬಿಸಿಗೆ ಸ್ವಿಚ್ಚೂ ಮುಂಚೆಯೇ ಹಾರುತ್ತೆ. ಅರ್ಧ ಲೋಟ ತಣ್ಣನೆ ಹಾಲಿಗೆ ಒಂದು ಚಮಚ ಮೈದಾ ಗಂಟಿಲ್ಲದೆ ಕದಡಿ, ಪಾಸ್ತಾ ಬೆಂದ ಮೇಲೆ ಸುರಿದು ಎರಡು ನಿಮಿಷ ಕುದಿಸಿ. ಚೀಸ್ ಹಾಕೋದು ಸ್ವಿಚ್ಚು ವಾರ್ಮಿಗೆ ಬಂದ ಮೇಲೆ.

ಪಾತ್ರೆ ಕೂರಿಸೋ ಮುಂಚೆ ಹೊರತಳ ಬಟ್ಟೆಯಲ್ಲಿ ಒರೆಸಿ. ಒಂದು ಅಗುಳು ಅಡಿಗೆ ಸಿಕ್ಕಿಕೊಂಡರೂ ಗುಂಡಿ ಸರಿಯಾಗಿ ತಗಲದೆ ಬಿಸಿಯ ಅಂದಾಜು ತಪ್ಪುತ್ತೆ. ಊಟ ಆದ ತಕ್ಷಣ ಆವಿ ತೂತಿನ ಮುಚ್ಚಳವನ್ನೂ ತೊಳೆದುಬಿಡಿ, ಒಣಗಿದ ಗಂಜಿ ಮಾರನೇ ದಿನ ಅಂಟಿನಷ್ಟು ಗಟ್ಟಿಯಾಗಿರುತ್ತೆ.